ಸೈಲೆನ್ಸರ್‌ನಲ್ಲಿರುವ ಬಂಡವಾಳ

1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕೋಲ್ಕತ್ತಾ ಮತ್ತು ಚೆನ್ನೈ ನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಸೀಸವು ಈ ಸಾಧನವನ್ನು ಕೆಡಿಸುವುದರಿಂದ ಸೀಸರಹಿತ ಪೆಟ್ರೋಲಿನ ಮಾರಾಟವೂ ಜೊತೆಗೇ ಆರಂಭವಾಯಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಮಾನಕ ದೇಶಾದ್ಯಂತ ಜಾರಿಗೆ ಬಂದಾಗ ಇಂಧನದಲ್ಲಿನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ತೈಲ ಕಂಪನಿಗಳೂ ವಾಹನ ತಯಾರಕರೂ ತಮ್ಮ ಪಾಲಿನ ವೆಚ್ಚವನ್ನು ಭರಿಸಿದ್ದಾರೆ. ಇನ್ನುಳಿದ ಹೊಣೆ ವಾಹನ ಇಟ್ಟುಕೊಂಡ ವರ್ತಕರದು.

ಜೇನುಗೂಡಿನಂತಹ ಪಿಂಗಾಣಿ ಅಚ್ಚಿನ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ತೆಳುಲೇಪ. ಪೆಟ್ರೋಲ್ ವಾಹನದ ಕನ್ವರ್ಟರ್ ಎಂದರೆ ಇಷ್ಟೇ. ವಿಷಕಾರಿ ಕಾರ್ಬನ್ ಮೊನಾಕ್ಸೈಡ್, ಸುಡದೆ ಉಳಿದ ಇಂಧನ, ಸಾರಜನಕದ ಆಕ್ಸೈಡುಗಳು ಇದರಲ್ಲಿ ಹಾದು ಬಹುಪಾಲು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಸಾರಜನಕವಾಗಿ ಮಾರ್ಪಡುತ್ತವೆ. ಲೋಹದ ತೂಕ ಕೆಲವೇ ಗ್ರಾಂ. ಆದರೆ ಗುಜರಿಯವರ ಕಣ್ಣು ನೆಟ್ಟಿರುವುದು ಆ ಕೆಲವು ಗ್ರಾಂಗಳ ಮೇಲೆಯೇ.

ಗಾಡಿ ಎಳೆಯುತ್ತಿಲ್ಲವೆಂದು ಗ್ಯಾರೇಜಿಗೆ ಹೋದರೆ "ಕನ್ವರ್ಟರ್ ಕಟ್ಟಿಕೊಂಡಿದೆ, ತೆಗೆದುಬಿಡೋಣ" ಎಂಬ ಸಲಹೆ ದೊರೆಯುವುದುಂಟು. ಅದರ ಜಾಗಕ್ಕೆ ಖಾಲಿ ಕೊಳವೆ, ಮಾಲೀಕರ ಕೈಗೆ ಒಂದಿಷ್ಟು ನಗದು. ವಾಸ್ತವದಲ್ಲಿ ಕನ್ವರ್ಟರ್ ತಾನಾಗಿ ಕಟ್ಟಿಕೊಳ್ಳುವುದು ಅಪರೂಪ. ಸ್ಪಾರ್ಕ್ ಪ್ಲಗ್ ಸರಿಯಾಗಿ ಕಿಡಿಯಿಡದಿದ್ದರೆ ಸುಡದ ಪೆಟ್ರೋಲು ಒಳನುಗ್ಗಿ ಅಚ್ಚನ್ನೇ ಕರಗಿಸುತ್ತದೆ. ಎಂಜಿನ್ ಆಯಿಲ್ ಸುಡುತ್ತಿದ್ದರೆ ಲೇಪದ ಮೇಲೆ ಪದರ ಕೂರುತ್ತದೆ. ಕನ್ವರ್ಟರ್ ಕಿತ್ತರೂ ಮೂಲದೋಷ ಹಾಗೆಯೇ ಉಳಿಯುತ್ತದೆ.

ಲೆಕ್ಕಪುಸ್ತಕದ ದೃಷ್ಟಿಯಿಂದಲೂ ಇದು ಲಾಭದ ವ್ಯವಹಾರವಲ್ಲ. ವ್ಯಾಪಾರದ ವಾಹನಕ್ಕೆ ಕೆಟ್ಟ ಕನ್ವರ್ಟರ್ ಬದಲು ಹೊಸದನ್ನು ಹಾಕಿಸಿದರೆ ಅದು ದುರಸ್ತಿ ವೆಚ್ಚ, ಆದಾಯದಿಂದ ಕಳೆಯಬಹುದು. ಹೊಗೆಯ ಮಾನಕ ಮೀರಿದ್ದಕ್ಕೆ ತೆರುವ ದಂಡವನ್ನು ಹಾಗೆ ಕಳೆಯಲು ಬಾರದು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಅದು 10,000 ರೂಪಾಯಿಯವರೆಗೆ ಹೋಗಬಹುದು. ಬಿಲ್ಲಿಲ್ಲದೆ ಮಾರಿದ ಹಳೆಯ ಭಾಗದ ನಗದನ್ನು ಯಾವ ಖಾತೆಗೆ ಜಮಾ ಮಾಡುವುದು?

ಆದರೆ ನಿಯಮ ಪಾಲಿಸುವವರ ಅಳಲಿಗೂ ಆಧಾರವಿದೆ. ಎಮಿಷನ್ ಟೆಸ್ಟ್ ಕೇಂದ್ರಗಳಲ್ಲಿ ಡೀಸೆಲ್ ವಾಹನದ ಹೊಗೆಯ ಸಾಂದ್ರತೆಯನ್ನಷ್ಟೇ ಅಳೆಯಲಾಗುತ್ತದೆ, ಸಾರಜನಕದ ಆಕ್ಸೈಡುಗಳನ್ನಲ್ಲ. ಬಿಎಸ್-6 ಲಾರಿಯಲ್ಲಿ ಅವನ್ನು ತಗ್ಗಿಸುವ ವ್ಯವಸ್ಥೆಯನ್ನು ಸ್ಥಗಿತಗೊಳಿಸಿ ಯೂರಿಯಾ ದ್ರಾವಣದ ಖರ್ಚು ಉಳಿಸಿದವರೂ ಪ್ರಮಾಣಪತ್ರ ಪಡೆಯಬಲ್ಲರು, ಬಾಡಿಗೆಯನ್ನೂ ಕಡಿಮೆ ಹೇಳಬಲ್ಲರು. ನಿಯಮ ಪಾಲಿಸಿದವರು ಗಿರಾಕಿಯನ್ನು ಕಳೆದುಕೊಳ್ಳುತ್ತಾರೆ. ಸಾಧನ ಸ್ವಸ್ಥಾನದಲ್ಲಿ ಕೆಲಸ ಮಾಡುತ್ತಿದೆಯೇ ಎಂಬ ಪರಿಶೀಲನೆಯೂ ತಪಾಸಣೆಯ ಭಾಗವಾಗಬೇಕೆಂದು ವಾಣಿಜ್ಯ ಸಂಸ್ಥೆಗಳು ಸಾರಿಗೆ ಇಲಾಖೆಯನ್ನು ಆಗ್ರಹಿಸಬೇಕು. ಹಳೆಯ ಕನ್ವರ್ಟರುಗಳನ್ನು ಸದಸ್ಯರಿಂದ ಒಟ್ಟುಗೂಡಿಸಿ, ಲೋಹಾಂಶ ಪರೀಕ್ಷಿಸಿ ಬಿಲ್ಲು ಕೊಡುವ ಸಂಸ್ಕರಣಾಗಾರಗಳಿಗೆ ಮಾರುವ ಏರ್ಪಾಡನ್ನು ಮಾಡಲು ಇಲಾಖೆಯ ಅಪ್ಪಣೆಗೆ ಕಾಯಬೇಕಿಲ್ಲ.