ಗಾಡಿ ಸಣ್ಣದು, ರಸ್ತೆ ಸಣ್ಣದಲ್ಲ

"ಹುಡುಗ ಸಣ್ಣಾಂವ ಆದ್ರೇನ್ರೀ ಮೇಡಂ, ಗಾಡೀನೂ ಸಣ್ಣದೇ ಐತಲ್ಲ!" ನಮ್ಮ ಸಂಗನಕಲ್ಲಿನ ಅಪ್ಪಂದಿರು ನನ್ನ ಬಾಯಿ ಮುಚ್ಚಿಸಲು ಇಟ್ಟುಕೊಂಡಿರುವ ಮಾತಿದು. ಏಳನೆಯ ತರಗತಿಯವನ ಕೈಗೆ ಮೊಪೆಡ್ ಕೊಟ್ಟವರೂ ಇದನ್ನೇ ಹೇಳುತ್ತಾರೆ. ಹುಟ್ಟುಹಬ್ಬಕ್ಕೆಂದು ಮೊಣಕಾಲೆತ್ತರದ ಮಿನಿ ಬೈಕು ತರಿಸುವ ಬಳ್ಳಾರಿಯ ಉಳ್ಳವರೂ ಇದನ್ನೇ ಹೇಳುತ್ತಾರೆ. ಇಷ್ಟು ಪೊಳ್ಳಾದ ಮಾತನ್ನು ನಾನು ಬೇರೆ ಕೇಳಿಲ್ಲ.

ಸಣ್ಣ ಗಾಡಿಯ ಗುಣವನ್ನು ಸ್ವಲ್ಪ ನೋಡಿ. ಮೊಪೆಡ್ಡಿಗೆ ಗೇರು ಹಾಕುವ, ಕ್ಲಚ್ಚು ಹಿಡಿಯುವ ರಗಳೆಯಿಲ್ಲ, ಆದ್ದರಿಂದ ಸುಲಭ ಎನ್ನುತ್ತಾರೆ. ಅಪಾಯವಿರುವುದೂ ಅಲ್ಲೇ. ಎಕ್ಸಿಲೇಟರ್ ತಿರುಗಿಸಿದೊಡನೆ ಒಳಗಿನ ಕ್ಲಚ್ಚು ತಾನೇ ಕಚ್ಚಿಕೊಂಡು ಗಾಡಿ ಮುಂದಕ್ಕೆ ಹೊರಡುತ್ತದೆ. ಹೆದರಿದ ಮಗು ಹ್ಯಾಂಡಲನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಹಿಡಿದ ಭರಕ್ಕೆ ಮಣಿಕಟ್ಟು ಇನ್ನಷ್ಟು ತಿರುಗುತ್ತದೆ, ನಿಲ್ಲಬೇಕಾದ ಗಾಡಿ ನುಗ್ಗುತ್ತದೆ. ಮಿನಿ ಬೈಕಿನದೂ ಇದೇ ಕಥೆ. ಅದರ ಚಕ್ರ ಊಟದ ತಟ್ಟೆಗಿಂತ ದೊಡ್ಡದಲ್ಲ. ದೊಡ್ಡ ಬೈಕು ದಾಟಿಕೊಂಡು ಹೋಗುವ ಗುಂಡಿಯಲ್ಲಿ ಅದು ಮೂತಿ ಹೂತು ಬೀಳುತ್ತದೆ. ಹತ್ತಿ ಹೇರಿಕೊಂಡು ಬರುವ ಲಾರಿಯವನಿಗೆ ಆ ಎತ್ತರದ ಮಗು ಕಣ್ಣಿಗೇ ಬೀಳುವುದಿಲ್ಲ.

ಕಾನೂನನ್ನೂ ಅನುಕೂಲಕ್ಕೆ ತಕ್ಕಂತೆ ಓದುತ್ತಾರೆ. 16 ತುಂಬಿದರೆ ಲೈಸೆನ್ಸ್ ಸಿಗುತ್ತದಂತೆ! 1988ರ ಮೋಟಾರು ವಾಹನ ಕಾಯ್ದೆ ಆ ವಯಸ್ಸಿನವರಿಗೆ ಬಿಟ್ಟಿರುವುದು 50 ಸಿಸಿ ಮೀರದ ಗಾಡಿಯನ್ನು ಮಾತ್ರ. ಲೂನಾ, ಟಿವಿಎಸ್ 50 ಓಡಾಡುತ್ತಿದ್ದ ಕಾಲಕ್ಕೆ ಅದು ಸರಿ. ಈಗ ಊರಲ್ಲಿರುವ ಎಕ್ಸ್‌ಎಲ್ ಹತ್ತಿರ ಹತ್ತಿರ 100 ಸಿಸಿಯದು, ಅದಕ್ಕೆ 18 ಆಗಲೇಬೇಕು. 2019ರ ತಿದ್ದುಪಡಿಯಂತೆ, ಅಪ್ರಾಪ್ತ ಮಗು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ, ಮಗುವಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ. ಆಟಕ್ಕೆಂದು ತರುವ ಮಿನಿ ಬೈಕಿಗಂತೂ ನಂಬರ್ ಪ್ಲೇಟೇ ಇರುವುದಿಲ್ಲ. ಅದನ್ನು ರಸ್ತೆಗೆ ಇಳಿಸುವ ಹಕ್ಕು ಯಾವ ವಯಸ್ಸಿನವರಿಗೂ ಇಲ್ಲ.

ಹಾಗಾದರೆ ಮಕ್ಕಳು ಬೈಕು ಮುಟ್ಟಲೇಬಾರದೇ? ನಾನು ಅಷ್ಟು ಒಣ ಮಾಸ್ತರಿಕೆಯವಳಲ್ಲ. ಮಿನಿ ಬೈಕಿಗೆ ಅದರದೇ ಜಾಗವಿದೆ. ಎಫ್‌ಐಎಮ್ ಮಿನಿಜಿಪಿ ಎಂಬ ಮಕ್ಕಳ ರೇಸು 2022ರಲ್ಲಿ ನಮ್ಮ ದೇಶಕ್ಕೂ ಬಂತು. ಸುತ್ತ ಬೇಲಿ, ಮೈಗೆ ಚರ್ಮದ ಉಡುಪು, ಪಕ್ಕದಲ್ಲಿ ಗುರು. ಅದರಲ್ಲಿ ಮಿಂಚಿದ ಬೆಂಗಳೂರಿನ ಹುಡುಗ ಶ್ರೇಯಸ್ ಹರೀಶ್, 2023ರ ಆಗಸ್ಟ್ 5ರಂದು ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿನಲ್ಲಿ ದೊಡ್ಡ ಬೈಕಿನ ಪಂದ್ಯದಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ. ಅವನಿಗೆ 13 ವರ್ಷ. ಕಲಿತವನು, ಕವಚ ತೊಟ್ಟವನು, ಆಂಬುಲೆನ್ಸ್ ಪಕ್ಕದಲ್ಲೇ ನಿಂತಿತ್ತು. ಹವಾಯಿ ಚಪ್ಪಲಿ ಮೆಟ್ಟಿ, ಬರಿತಲೆಯಲ್ಲಿ, ಹಿಂದೆ ಇಬ್ಬರನ್ನು ಕೂರಿಸಿಕೊಂಡು ಭಾನುವಾರ ಹಿರೇಗುಡ್ಡದ ನಾದ ಕೊಡುವ ಕಲ್ಲು ಬಾರಿಸಲು ಹೊರಡುವ ನಮ್ಮ ಹುಡುಗರನ್ನು ಕಂಡಾಗ ನನ್ನ ಎದೆ ಹೇಗಿರಬೇಡ?

ಕಲಿಸಲೇಬೇಕೆಂದರೆ ಬೆಳೆ ತೆಗೆದ ನಿಮ್ಮದೇ ಹೊಲ, ಇಲ್ಲವೇ ಗೇಟು ಹಾಕಿದ ಬಯಲು ನೋಡಿ. ಸೀಟಿನ ಮೇಲೆ ಕೂತಾಗ ಮಗುವಿನ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಮೊದಲ ದಿನ ಎಂಜಿನ್ ಚಾಲೂ ಮಾಡಬೇಡಿ. ಹಿಂದಿನಿಂದ ತಳ್ಳಿ, ಬ್ರೇಕು ಹಿಡಿದು ನಿಲ್ಲಿಸುವುದನ್ನು ಬೇಸರ ಬರುವಷ್ಟು ಸಲ ಮಾಡಿಸಿ. ಓಡಿಸುವುದಕ್ಕಿಂತ ಮೊದಲು ನಿಲ್ಲಿಸಲು ಬರಬೇಕು. ಮಿನಿ ಬೈಕುಗಳಲ್ಲಿ ಎಕ್ಸಿಲೇಟರ್ ಇಷ್ಟೇ ತಿರುಗುವಂತೆ ಬಿಗಿಯುವ ತಿರುಪು ಬಹಳಷ್ಟು ಸಲ ಇರುತ್ತದೆ, ಅದನ್ನು ಬಿಗಿ ಮಾಡಿ. ಮಗು ಬಿದ್ದೊಡನೆ ಎಂಜಿನ್ ಆರುವಂತೆ ಮಣಿಕಟ್ಟಿಗೆ ಕಟ್ಟುವ ದಾರವೂ ಕೆಲವಕ್ಕಿದೆ. ಕಟ್ಟದೆ ಬಿಡಬೇಡಿ. ಹೆಲ್ಮೆಟ್ ಗದ್ದ ಮುಚ್ಚುವಂಥದ್ದು, ಐಎಸ್‌ಐ ಗುರುತಿನದು, ಮಗುವಿನದೇ ಅಳತೆಯದು ಇರಬೇಕು. ಅಪ್ಪನ ಹೆಲ್ಮೆಟ್ ಮಗನ ತಲೆಯ ಮೇಲೆ ಬೋಗುಣಿ ಕವುಚಿಟ್ಟಂತೆ ಅಲುಗಾಡುತ್ತದೆ. ಕಾಲಿಗೆ ಬೂಟು, ಕೈಗೆ ಗ್ಲೌಸು, ದೊಡ್ಡವರೊಬ್ಬರು ಪಕ್ಕದಲ್ಲಿ. ಮೊಬೈಲು ನೋಡುತ್ತ ಬದುವಿನ ಮೇಲೆ ಕೂತ ದೊಡ್ಡವರು ಲೆಕ್ಕಕ್ಕಿಲ್ಲ.

ಇದೆಲ್ಲ ಆಟಕ್ಕಾಯಿತು. ಟ್ಯೂಷನ್ನಿಗೆ ಹೊತ್ತಾಯಿತು, ಬಸ್ಸಿಲ್ಲ, ಬಳ್ಳಾರಿಗೆ ಹಾಲು ಹಾಕಿ ಬರಬೇಕು ಎಂಬ ಕಾರಣಗಳು ಬೇರೆ. ಬಸ್ಸಿನ ವಿಷಯದಲ್ಲಿ ಅವರ ಸಿಟ್ಟು ನನ್ನದೂ ಹೌದು. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ ನಮ್ಮ ಹುಡುಗಿಯರೂ ಸಾಲಾಗಿ ಶಾಲೆಗೆ ಬಂದದ್ದನ್ನು ಕಂಡಿದ್ದೇನೆ. ಕೊರೊನಾ ಬಂದಾಗ ಅದು ನಿಂತುಹೋಯಿತು, ಬೀದಿಗಿಳಿದು ಕೇಳಿದ ಒಬ್ಬ ಅಪ್ಪನೂ ಇಲ್ಲ. (ಮಗಳಿಗೆ ಸೈಕಲ್ಲೂ ಬೇಡವೆನ್ನುವ ಮನೆಯಲ್ಲೇ ಮಗನಿಗೆ ಮೊಪೆಡ್ ಬರುತ್ತದೆ, ಅದು ಬೇರೆ ಮಾತು.) ಹೋದ ವರ್ಷ ನಮ್ಮ ಒಂಬತ್ತನೆಯ ತರಗತಿಯವನೊಬ್ಬ ತೊಡೆಗೆ ರಾಡು ಹಾಕಿಸಿಕೊಂಡು ಪರೀಕ್ಷೆ ತಪ್ಪಿಸಿಕೊಂಡ. ಅವನ ಅಪ್ಪ ನನ್ನ ಮುಂದೆ ಬೈದದ್ದು ರಸ್ತೆಯ ಗುಂಡಿಯನ್ನು! ಗುಂಡಿ ಇರುವುದು ನಿಜ. ಚಾವಿ ಕೊಟ್ಟ ಕೈ ಯಾರದು?

ಹೊತ್ತಾದರೆ ಹುಡುಗನನ್ನು ಕಾಲು ಗಂಟೆ ಮೊದಲು ಎಬ್ಬಿಸಿ, ಹಿಂದೆ ಕೂರಿಸಿಕೊಂಡು ನೀವೇ ಬಿಟ್ಟುಬನ್ನಿ. ಹಿಂದೆ ಕೂರುವ ಅವನ ತಲೆಗೂ ಹೆಲ್ಮೆಟ್ ಇರಲಿ.