ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮುಂದೇನು?

ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಕಾಲಿಗೆ ತಳೆ ಹಾಕಿ ಸರಸರನೆ ಅಡಿಕೆ ಮರ ಏರುವವರನ್ನು ನೋಡಿ ಬೆರಗಾಗದ ಮಕ್ಕಳಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು, ಆಮೇಲೆ ಕೊಯ್ಲು ಆಗಬೇಕು. ಅವರು ಬರುವವರೆಗೆ ತೋಟದ ಯಜಮಾನರಿಗೆ ನಿದ್ದೆಯಿಲ್ಲ. ಆದರೆ ಮರದಿಂದ ಜಾರಿ ಬಿದ್ದವರ ಮನೆಯ ಕಡೆ ನಮ್ಮ ಗಮನ ಹೋಗುವುದು ಕಡಿಮೆ. ಬೆನ್ನುಹುರಿಗೆ ಪೆಟ್ಟಾದರೆ ಸೊಂಟದಿಂದ ಕೆಳಗೆ ಬಲ ಹೋಗಬಹುದು, ಮುಟ್ಟಿದರೆ ಗೊತ್ತಾಗದೆಯೂ ಹೋಗಬಹುದು. ಆಸ್ಪತ್ರೆಯವರು ಜೀವ ಉಳಿಸಿ ಮನೆಗೆ ಕಳಿಸುತ್ತಾರೆ. ಅಲ್ಲಿಂದ ಶುರುವಾಗುವ ಪ್ರಶ್ನೆ ಬೇರೆಯೇ: ಇನ್ನು ಮುಂದೇನು?

ಈ ಪ್ರಶ್ನೆಗೆ ಉತ್ತರ ಹುಡುಕಲು ಜೊತೆಗೆ ಕೂರುವುದೇ ಒಂದು ಉದ್ಯೋಗ, ಅದಕ್ಕೆ ಡಿಗ್ರಿಯ ಮೇಲಿನ ಓದೂ ಇದೆ ಎಂದು ಹೇಳಿದರೆ ಪಿಯುಸಿ ಮಕ್ಕಳು ನನ್ನ ಮುಖವನ್ನೇ ನೋಡುತ್ತಾರೆ. ಪುನರ್ವಸತಿ ಆಪ್ತಸಮಾಲೋಚನೆ ಎಂದು ಅದರ ಹೆಸರು. ಈ ವಾರ ಅದರ ಬಗ್ಗೆಯೇ ಮಾತಾಡೋಣ.

ನಾನು ಕಂಡ ಒಂದು ಮನೆಯ ವಿಷಯ ಹೇಳುತ್ತೇನೆ. ಊರು, ಹೆಸರು ಬೇಡ. ಮರದಿಂದ ಬಿದ್ದ ಯಜಮಾನ ಎಂಟು ತಿಂಗಳಿಂದ ಮಲಗಿದಲ್ಲೇ ಇದ್ದರು. ಹೆಂಡತಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದರು. ಒಂಬತ್ತನೆಯ ತರಗತಿಯ ಮಗಳು ಅಪ್ಪನನ್ನು ನೋಡಿಕೊಳ್ಳಲು ಶಾಲೆ ಬಿಡುವ ಮಾತು ನಡೆದಿತ್ತು. ಬಂದವರೆಲ್ಲ "ದೇವರಿದ್ದಾನೆ" ಎಂದು ಹೇಳಿ ಚಹಾ ಕುಡಿದು ಹೋಗುತ್ತಿದ್ದರು. ಆ ಮನೆಗೆ ಸಮಾಲೋಚಕಿಯೊಬ್ಬರು ಬಂದರು. ಸಮಾಧಾನ ಹೇಳುವ ಗೋಜಿಗೇ ಹೋಗದೆ ತುಳುವಿನಲ್ಲಿ ಕೇಳಿದರು: "ಅಣ್ಣ, ಮರ ಏರುವುದು ಬಿಟ್ಟು ನಿಮಗೆ ಬೇರೆ ಏನೆಲ್ಲ ಗೊತ್ತು?"

ಅವರಿಗೆ ಬೇಕಾದಷ್ಟು ಗೊತ್ತಿತ್ತು. ಒಣಗಿದ ಅಡಿಕೆಯನ್ನು ಕೈಯಲ್ಲಿ ಹಿಡಿದರೆ ಸಾಕು, ಪಟೋರ ಯಾವುದು, ಉಳ್ಳಿಗಡ್ಡೆ ಯಾವುದು, ಕರಿಗೋಟು ಯಾವುದು ಎಂದು ಹೇಳುತ್ತಿದ್ದರು. ಅಲ್ಲಿಂದ ಕೆಲಸ ಸಾಗಿತು. ಪಕ್ಕದ ತೋಟದ ಯಜಮಾನರ ಜೊತೆ ಮಾತು, ಗಾಲಿಕುರ್ಚಿಗೆ ಸರಿಯಾದ ಎತ್ತರದ ಮೇಜು, ಜಗಲಿಯ ಮೆಟ್ಟಿಲಿಗೆ ಇಳಿಜಾರು ಹಲಗೆ. ಸ್ಪರ್ಶ ಇಲ್ಲದ ಮೈಗೆ ಕೂತಲ್ಲೇ ಹುಣ್ಣಾಗುತ್ತದೆ; ಆದ್ದರಿಂದ ಆಗಾಗ ಎರಡು ಕೈ ಊರಿ ಮೈ ಎತ್ತಬೇಕೆಂಬ ಫಿಸಿಯೋಥೆರಪಿಸ್ಟರ ಸೂಚನೆಯನ್ನು ಅವರು ಪಾಲಿಸುತ್ತಿದ್ದಾರೆಯೇ ಎಂದು ವಾರವಾರ ವಿಚಾರಣೆ. ಮಗಳು ಶಾಲೆ ಬಿಡಲಿಲ್ಲ. ಆ ಮನುಷ್ಯ ಮತ್ತೆ ನಡೆಯಲೂ ಇಲ್ಲ. ಆದರೆ ಶನಿವಾರ ಬಟವಾಡೆ ಎಣಿಸಿ ಹೆಂಡತಿಯ ಕೈಗೆ ಕೊಡುವಾಗ ಅವರ ಧ್ವನಿ ಮೊದಲಿನಂತೆಯೇ ಇರುತ್ತದೆ.

ಫಿಸಿಯೋಥೆರಪಿಸ್ಟ್ ಮಾಂಸಖಂಡ ನೋಡುತ್ತಾರೆ, ವೈದ್ಯರು ಗಾಯ ನೋಡುತ್ತಾರೆ. ಈ ಸಮಾಲೋಚಕರು ನೋಡುವುದು ಬದುಕನ್ನು: ಮನಸ್ಸು, ಮನೆ, ದುಡಿಮೆ, ಕಾನೂನು ಎಲ್ಲವನ್ನೂ ಒಟ್ಟಿಗೆ. ಕಾನೂನು ಯಾಕೆ ಎನ್ನುತ್ತೀರಾ? ಅಂಗವೈಕಲ್ಯವುಳ್ಳವರ ಹಕ್ಕುಗಳ 2016ರ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯ ಇರುವವರಿಗೆ ಸರಕಾರಿ ಕೆಲಸದಲ್ಲಿ ಶೇ. 4, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ ಇದೆ. ಸರಕಾರಿ ನೌಕರನಿಗೆ ಸೇವೆಯಲ್ಲಿರುವಾಗ ವೈಕಲ್ಯ ಬಂದರೆ ಕೆಲಸದಿಂದ ತೆಗೆಯುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಇದು ಗೊತ್ತಿಲ್ಲದೆ ರಾಜೀನಾಮೆ ಬರೆದುಕೊಟ್ಟರೆ ಇಡೀ ಸಂಸಾರ ಬೀದಿಗೆ ಬರುತ್ತದೆ.

ನಮ್ಮ ಭಾಗಕ್ಕೆ ಇನ್ನೊಂದು ನೋವೂ ಇದೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ವರ್ಷಗಳು ಮುಗಿದವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಆದರೆ ಸಂತ್ರಸ್ತರ ಮನೆಗಳು ಇಂದಿಗೂ ಇವೆ. ಕಡಬ ತಾಲ್ಲೂಕಿನ ಕೊಯಿಲ ಮತ್ತು ಪಕ್ಕದ ಬೆಳ್ತಂಗಡಿಯ ಕೊಕ್ಕಡದಲ್ಲಿ ಅವರಿಗಾಗಿ ಪಾಲನಾ ಕೇಂದ್ರಗಳಾದವು. ಬೌದ್ಧಿಕ ವೈಕಲ್ಯವಿರುವ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ, ಎತ್ತಿ ಆಡಿಸಿದ ತಾಯಂದಿರ ಸೊಂಟ ಬಿದ್ದಿದೆ. "ನನ್ನ ನಂತರ ಇವನಿಗೆ ಯಾರು?" ಎಂಬ ಅವರ ಪ್ರಶ್ನೆಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯಲ್ಲಿ ಒಂದು ದಾರಿಯಿದೆ. ಹದಿನೆಂಟು ದಾಟಿದವರಿಗೂ ಕಾನೂನುಬದ್ಧ ಪೋಷಕರನ್ನು ಜಿಲ್ಲಾ ಮಟ್ಟದ ಸಮಿತಿ ನೇಮಿಸಬಹುದು. ಆ ಅರ್ಜಿ ತುಂಬಿಸುವ ಮೊದಲು ಅಣ್ಣತಮ್ಮಂದಿರನ್ನೆಲ್ಲ ಒಂದು ಚಾಪೆಯಲ್ಲಿ ಕೂರಿಸಿ ಮಾತಾಡಿಸಬೇಕಲ್ಲ? ಅದಕ್ಕೂ ತರಬೇತಿ ಬೇಕು.

ಹಾಗಾದರೆ ಓದು ಹೇಗೆ? ಅಮೆರಿಕದಲ್ಲಿ 1920ರಲ್ಲೇ ವೈಕಲ್ಯವುಳ್ಳವರ ವೃತ್ತಿ ಪುನರ್ವಸತಿಗೆ ಕಾಯಿದೆ ಬಂತು. 1954ರ ಮೇಲೆ ವಿಶ್ವವಿದ್ಯಾಲಯಗಳಿಗೆ ಹಣ ಸಿಕ್ಕಿ ಇದು ಸ್ನಾತಕೋತ್ತರ ಪದವಿಯಾಗಿ ಬೆಳೆಯಿತು. ನಮ್ಮಲ್ಲಿ ವೃತ್ತಿ ಪುನರ್ವಸತಿ ಕೇಂದ್ರಗಳು 1968ರಲ್ಲಿ ಮುಂಬಯಿ, ಹೈದರಾಬಾದುಗಳಲ್ಲಿ ಶುರುವಾದವು, ಬೆಂಗಳೂರಿನಲ್ಲೂ ಒಂದಿದೆ. 1992ರ ಭಾರತೀಯ ಪುನರ್ವಸತಿ ಮಂಡಳಿ ಕಾಯಿದೆಯಡಿ ಮಾನ್ಯವಾದ ವೃತ್ತಿಗಳ ಪಟ್ಟಿಯಲ್ಲಿ ಪುನರ್ವಸತಿ ಸಮಾಲೋಚಕರು, ಪುನರ್ವಸತಿ ಮನಃಶಾಸ್ತ್ರಜ್ಞರು, ಪುನರ್ವಸತಿ ಸಮಾಜ ಕಾರ್ಯಕರ್ತರು, ಉದ್ಯೋಗ ಸಮಾಲೋಚಕರು ಎಲ್ಲರೂ ಇದ್ದಾರೆ. ಮಂಡಳಿಯಲ್ಲಿ ಹೆಸರು ನೋಂದಾಯಿಸದೆ ಈ ವೃತ್ತಿ ಮಾಡುವವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು.

ಮೊದಲ ಮೆಟ್ಟಿಲು ಮನಃಶಾಸ್ತ್ರ ಅಥವಾ ಸಮಾಜಕಾರ್ಯದ ಪದವಿ. ಆಮೇಲೆ ದಾರಿ ಕವಲೊಡೆಯುತ್ತದೆ. ಎಂ.ಎಸ್‌.ಡಬ್ಲ್ಯು. ಓದಲು ದೂರ ಹೋಗಬೇಕಿಲ್ಲ, ಮಂಗಳೂರಿನ ರೋಶನಿ ನಿಲಯ 1960ರಿಂದ ಇದೆ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಅಂಗವೈಕಲ್ಯವನ್ನೇ ಮುಖ್ಯವಾಗಿಟ್ಟ ಸಮಾಜಕಾರ್ಯದ ಓದು ಬೆಳೆದಿದೆ. ಪುನರ್ವಸತಿ ಮನಃಶಾಸ್ತ್ರಕ್ಕೆ ಸಿಕಂದರಾಬಾದಿನ ಬೌದ್ಧಿಕ ವೈಕಲ್ಯ ಕುರಿತ ರಾಷ್ಟ್ರೀಯ ಸಂಸ್ಥೆಗೆ ಹೆಸರಿದೆ. ಮನೋರೋಗದಿಂದ ಚೇತರಿಸಿಕೊಳ್ಳುವವರ ಜೊತೆ ಕೆಲಸ ಮಾಡುವ ಆಸೆಯಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ಹೆತ್ತವರಿಗೆ ಒಂದು ಎಚ್ಚರಿಕೆ. ಕಾಲೇಜಿನ ಜಾಹೀರಾತಿನಲ್ಲಿ 'ಕೌನ್ಸೆಲಿಂಗ್' ಎಂದು ಕಂಡ ಕೂಡಲೇ ಫೀಸು ಕಟ್ಟಬೇಡಿ. ಎಲ್ಲ ಎಂ.ಎಸ್‌.ಡಬ್ಲ್ಯು., ಎಲ್ಲ ಮನಃಶಾಸ್ತ್ರ ಪದವಿಗಳಿಂದ ಮಂಡಳಿಯ ನೋಂದಣಿ ಸಿಗುವುದಿಲ್ಲ. ಆ ಕೋರ್ಸು, ಆ ಕಾಲೇಜು, ಆ ವರ್ಷ, ಮೂರಕ್ಕೂ ಮಂಡಳಿಯ ಮಾನ್ಯತೆ ಇದೆಯೇ ಎಂದು ಪಟ್ಟಿ ನೋಡಿಯೇ ಮುಂದುವರಿಯಿರಿ. ಯುಜಿಸಿ 2022ರಲ್ಲಿ ಎಂ.ಫಿಲ್. ಕೈಬಿಟ್ಟ ಮೇಲೆ ಕೋರ್ಸುಗಳ ಹೆಸರು, ಅವಧಿ ಬದಲಾಗುತ್ತಿವೆ. ಹಿಂದಿನ ಬ್ಯಾಚಿನ ಅಕ್ಕ ಓದಿದ ಕೋರ್ಸು ಈಗ ಇಲ್ಲದಿರಬಹುದು.

ಸಂಬಳದ ಬಗ್ಗೆ ಕೇಳುವುದು ತಪ್ಪಲ್ಲ, ಕೇಳಲೇಬೇಕು. ಇದೇ ಹೆಸರಿನ ಹುದ್ದೆಗಳು ನಮ್ಮಲ್ಲಿ ಕಡಿಮೆ. ಆಸ್ಪತ್ರೆ, ವಿಶೇಷ ಶಾಲೆ, ಸೇವಾಸಂಸ್ಥೆ, ಕಂಪನಿಗಳ ನೇಮಕಾತಿ ವಿಭಾಗ, ಹೀಗೆ ಬೇರೆ ಬೇರೆ ಹೆಸರಿನಲ್ಲಿ ಕೆಲಸ ಸಿಗುತ್ತದೆ. ಸೇವಾಸಂಸ್ಥೆಗಳಲ್ಲಿ ಆರಂಭದ ಸಂಬಳ ದೊಡ್ಡದಿರುವುದಿಲ್ಲ. "ಪುಣ್ಯದ ಕೆಲಸ" ಎಂದು ಹೊಗಳಿ ಕಡಿಮೆ ಕೊಡುವವರೂ ಇದ್ದಾರೆ. ಪುಣ್ಯ ಬೇರೆ, ಕಲಿತ ವಿದ್ಯೆಗೆ ಸಿಗಬೇಕಾದ ಕೂಲಿ ಬೇರೆ ಎಂದು ನಾನು ಮಕ್ಕಳಿಗೆ ಹೇಳುತ್ತಲೇ ಇರುತ್ತೇನೆ.

ಇಷ್ಟಾದರೂ ನಮ್ಮ ಊರಿನ ಮಕ್ಕಳು ಇದನ್ನು ಓದಲಿ ಎಂದು ನಾನು ಬಯಸುವುದಕ್ಕೆ ಕಾರಣ ಭಾಷೆ. ಇಲ್ಲಿ ಒಂದೇ ಬಸ್ಸಿನಲ್ಲಿ ತುಳು, ಅರೆಭಾಷೆ, ಬ್ಯಾರಿ, ಹವ್ಯಕ, ಕೊಂಕಣಿ, ಮಲಯಾಳ ಕೇಳಿಸುತ್ತವೆ. ಸಂಕಟ ಹೇಳಿಕೊಳ್ಳುವಾಗ ಮನುಷ್ಯ ಪುಸ್ತಕದ ಕನ್ನಡ ಹುಡುಕುವುದಿಲ್ಲ. ಅಡಿಕೆ ಸುಲಿಯುವುದು, ಬೀಡಿ ಕಟ್ಟುವುದು, ರಬ್ಬರ್ ಟ್ಯಾಪಿಂಗ್ ಇವೆಲ್ಲ ಹೇಗೆ ನಡೆಯುತ್ತವೆ ಎಂದು ಗೊತ್ತಿರುವವರಿಗೆ, ಕೂತು ಮಾಡಬಹುದಾದ ಕೆಲಸ ಯಾವುದೆಂದು ಬೇಗ ಹೊಳೆಯುತ್ತದೆ. ಅದು ದೂರದ ನಗರದಿಂದ ಬಂದವರಿಗೆ ಕಲಿಯಲು ವರ್ಷಗಳು ಬೇಕು.

ಆಸಕ್ತಿಯಿರುವ ಮಕ್ಕಳು ಒಂದು ಕೆಲಸ ಮಾಡಿ. ನಮ್ಮ ರಾಜ್ಯದ ಗ್ರಾಮ ಪಂಚಾಯತುಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ವಿಕಲಚೇತನರೇ, ಸಣ್ಣ ಗೌರವಧನಕ್ಕೆ ಮನೆಮನೆ ತಿರುಗುವವರು. ರಜೆಯಲ್ಲಿ ಅಪ್ಪ ಅಮ್ಮನಿಗೆ ಹೇಳಿ ಪಂಚಾಯತಿಗೆ ಹೋಗಿ, ಅವರ ಅನುಮತಿ ಪಡೆದು ಒಂದು ದಿನ ಜೊತೆಗೆ ನಡೆಯಿರಿ. ಮನೆಯವರು ಒಪ್ಪಿದರೆ ಮಾತ್ರ ಒಳಗೆ ಹೋಗಿ. ಹೋದಲ್ಲಿ ಅಯ್ಯೋ ಪಾಪ ಎನ್ನಬೇಡಿ, ಫೋಟೊ ತೆಗೆಯಬೇಡಿ. ಕೂತು ಕೇಳಿಸಿಕೊಳ್ಳಿ. ಸಂಜೆ ಮನೆಗೆ ಬಂದ ಮೇಲೂ ಆ ಮನೆಯ ಪ್ರಶ್ನೆ ನಿಮ್ಮ ತಲೆಯಲ್ಲಿ ಓಡುತ್ತಿದ್ದರೆ, ಈ ಓದು ನಿಮಗೆ ಹೊಂದಬಹುದು.