ಸವಕಳಿಯಾದ ಗಣಕಯಂತ್ರಕ್ಕೂ ಬೆಲೆಯಿದೆ

2013ರ ಕಂಪೆನಿ ಕಾಯಿದೆಯ ಎರಡನೆಯ ಅನುಸೂಚಿಯ ಪ್ರಕಾರ ಕಚೇರಿಯ ಮೇಜಿನ ಮೇಲಿರುವ ಗಣಕಯಂತ್ರದ ಉಪಯುಕ್ತ ಆಯುಷ್ಯ ಮೂರು ವರ್ಷ. ಆದಾಯ ತೆರಿಗೆಯಲ್ಲಿ ಅದರ ಸವಕಳಿ ದರವು ಬಹುಕಾಲ ಶೇ. 60ರಷ್ಟಿದ್ದು, 2017ರಲ್ಲಿ ಶೇ. 40ಕ್ಕೆ ಇಳಿಯಿತು. ಲೆಕ್ಕಪುಸ್ತಕದಲ್ಲಿ ಮೌಲ್ಯ ಕರಗಿದೊಡನೆ ಯಂತ್ರವು ಗುಜರಿ ಅಂಗಡಿಯನ್ನು ಸೇರುತ್ತದೆ. ನಮೂದಿನ ಮಟ್ಟಿಗೆ ಇದು ಸರಿಯೇ. ಆದರೆ ಪುಸ್ತಕದ ಮೌಲ್ಯ ಬೇರೆ, ವಸ್ತುವಿನ ಮೌಲ್ಯ ಬೇರೆ ಎಂಬುದನ್ನು ವರ್ತಕರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1997ರಲ್ಲಿ ಹಳೆಯ ಗಣಕಯಂತ್ರಗಳ ಉತ್ಸವವೊಂದು ಆರಂಭವಾಯಿತು. ಈಗ ಆ ದೇಶದ ಹಲವೆಡೆ ಅಂತಹ ಮೇಳಗಳು ನಡೆಯುತ್ತವೆ. ಹವ್ಯಾಸಿಗಳು ತಾವು ದುರಸ್ತಿ ಮಾಡಿದ ಯಂತ್ರಗಳನ್ನು ಅಲ್ಲಿ ಚಾಲನೆಯ ಸ್ಥಿತಿಯಲ್ಲಿ ತಂದಿಡುತ್ತಾರೆ. ನೋಡಲು ಬಂದವರು ಕೀಲಿಮಣೆಯನ್ನು ಮುಟ್ಟಿ ನೋಡಬಹುದು. ಪಕ್ಕದಲ್ಲಿಯೇ ಬಿಡಿಭಾಗ, ಫ್ಲಾಪಿ, ಹಳೆಯ ಕೈಪಿಡಿಗಳ ವ್ಯಾಪಾರವೂ ಸಾಗುತ್ತದೆ. ಒಬ್ಬನಿಗೆ ಬೇಡವಾದದ್ದು ಇನ್ನೊಬ್ಬನಿಗೆ ಸರಕಾಗುವುದು ವಾಣಿಜ್ಯದ ಮೂಲಪಾಠವಷ್ಟೆ.

ಇಂತಹ ಮೇಳಕ್ಕೆ ಮಂಗಳೂರಿಗಿಂತ ತಕ್ಕ ಊರು ವಿರಳ. ಕೆನರಾ (1906), ಕರ್ಣಾಟಕ (1924), ವಿಜಯಾ (1931) ಬ್ಯಾಂಕುಗಳು ಹುಟ್ಟಿದ್ದು ಇಲ್ಲಿ. ಕಾರ್ಪೊರೇಶನ್ (1906), ಸಿಂಡಿಕೇಟ್ (1925) ಬ್ಯಾಂಕುಗಳು ನೆರೆಯ ಉಡುಪಿಯಲ್ಲಿ. 1984ರ ರಂಗರಾಜನ್ ಸಮಿತಿಯ ವರದಿಯ ಬಳಿಕ ದೇಶದ ಬ್ಯಾಂಕ್ ಶಾಖೆಗಳಿಗೆ ಎ.ಎಲ್.ಪಿ.ಎಂ. ಎಂಬ ಲೆಡ್ಜರ್ ಯಂತ್ರಗಳು ಬಂದವು. ಅವುಗಳ ಮುಂದೆ ಕುಳಿತು ದುಡಿದವರು ಇಂದು ನಿವೃತ್ತರು. 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ವಿಲೀನಗೊಂಡವು. ಹೆಸರುಗಳೇ ಅಳಿದ ಮೇಲೆ ಯಂತ್ರಗಳನ್ನು ಕಾಯುವವರು ಯಾರು? ಗಣಕದಲ್ಲಿ ಕನ್ನಡ ಬರೆಯಲು ದಾರಿ ಮಾಡಿಕೊಟ್ಟ ನಾಡೋಜ ಕೆ. ಪಿ. ರಾವ್ ಅವರೂ ಮಂಗಳೂರಿನ ಸಮೀಪದ ಕಿನ್ನಿಕಂಬಳದವರು. ಅವರ ‘ಸೇಡಿಯಾಪು’ ತಂತ್ರಾಂಶವು ಹಳೆಯ ಯಂತ್ರವೊಂದರಲ್ಲಿ ಓಡುವುದನ್ನು ನಮ್ಮ ಮಕ್ಕಳು ನೋಡುವಂತಾಗಬೇಡವೆ?

ಇದು ಕೇವಲ ಅಭಿಮಾನದ ಮಾತಲ್ಲ, ವ್ಯವಹಾರದ ಮಾತೂ ಹೌದು. ಕಂಪೆನಿಗಳು ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಕಾಪಾಡಬೇಕೆಂದು ಕಾನೂನು ವಿಧಿಸುತ್ತದೆ. ಅಂದರೆ ಪುಸ್ತಕದ ಆಯುಷ್ಯ ಎಂಟಾದರೆ ಯಂತ್ರದ್ದು ಮೂರು. ಆಸ್ತಿಯ ವಿಷಯದಲ್ಲಂತೂ ಎಂಟು ವರ್ಷವೂ ಸಾಲದು. 2003ರಲ್ಲಿ ಗೋದಾಮನ್ನು ವಿಸ್ತರಿಸಿದವರು ಇಂದು ಅದನ್ನು ಮಾರಿದರೆ, ಬಂಡವಾಳ ಲಾಭದ ಲೆಕ್ಕದಲ್ಲಿ ಅಂದಿನ ಖರ್ಚಿಗೆ ಆಧಾರ ತೋರಿಸಬೇಕಾಗುತ್ತದೆ. ಆ ಆಧಾರವು 1.44 ಎಂಬಿ ಫ್ಲಾಪಿಯಲ್ಲಿದ್ದು, ಓದುವ ಯಂತ್ರ ಊರಿನಲ್ಲಿ ಇಲ್ಲವಾದರೆ, ಇದ್ದ ದಾಖಲೆಯೂ ಇಲ್ಲದಂತೆಯೇ. ಡಾಸ್ ಕಾಲದ ಟ್ಯಾಲಿ ಕಡತಗಳದ್ದೂ ಇದೇ ಪಾಡು. ಕರಾವಳಿಯ ಉಪ್ಪುಗಾಳಿ ಸರ್ಕ್ಯೂಟ್ ಫಲಕಗಳಿಗೆ ತುಕ್ಕು ಹಿಡಿಸುತ್ತದೆ, ಮಳೆಗಾಲದ ತೇವ ಫ್ಲಾಪಿಗೆ ಬೂಸು ತರುತ್ತದೆ. ಕಾಯುತ್ತಾ ಕುಳಿತರೆ ನಷ್ಟ ನಮ್ಮದೇ.

ಆದುದರಿಂದ ನಮ್ಮ ವಾಣಿಜ್ಯ ಸಂಘವು ಮಳೆಗಾಲ ಕಳೆದ ಬಳಿಕ ಒಂದು ದಿನದ ಪ್ರದರ್ಶನ ಹಾಗೂ ಮಾರಾಟವನ್ನು ಏರ್ಪಡಿಸಬೇಕೆಂಬುದು ನನ್ನ ಸಲಹೆ. ಒಂದು ಭಾಗದಲ್ಲಿ ಬ್ಯಾಂಕುಗಳು, ಕಾಲೇಜುಗಳು ಮತ್ತು ಸದಸ್ಯರು ತಮ್ಮಲ್ಲಿ ಉಳಿದಿರುವ ಯಂತ್ರಗಳನ್ನು ಇರಿಸಲಿ. ಇನ್ನೊಂದು ಭಾಗದಲ್ಲಿ ಬಿಡಿಭಾಗ ಮಾರುವವರಿಗೂ ದುರಸ್ತಿ ಬಲ್ಲವರಿಗೂ ಅಲ್ಪ ಬಾಡಿಗೆಗೆ ಮಳಿಗೆ ಸಿಗಲಿ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಹಳೆಯ ಫ್ಲಾಪಿ ಮತ್ತು ಡಿಸ್ಕ್‌ಗಳಲ್ಲಿರುವ ಲೆಕ್ಕವನ್ನು ಹೊಸ ಮಾಧ್ಯಮಕ್ಕೆ ವರ್ಗಾಯಿಸಿಕೊಡುವ ಮೇಜು.

ಇದಕ್ಕೆ ಆಕ್ಷೇಪಗಳು ಬಾರದಿರವು. ಯಂತ್ರದೊಂದಿಗೆ ಗ್ರಾಹಕರ ಗುಟ್ಟೂ ಪರರ ಕೈಸೇರಬಹುದೆಂಬ ಭಯ ಸಕಾರಣವಾದುದು. ಮಾಹಿತಿಯನ್ನು ಅಳಿಸದೆ ಯಾವ ಯಂತ್ರವನ್ನೂ ಮಾರಕೂಡದೆಂಬ ನಿಯಮವಿರಲಿ. ನಿಜವಾಗಿಯೂ ಕೆಟ್ಟುಹೋದದ್ದು 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಮರುಬಳಕೆದಾರರಿಗೇ ಹೋಗಲಿ. ಖರ್ಚಿನ ಒಂದು ಪಾಲನ್ನು ಮಳಿಗೆಯ ಬಾಡಿಗೆ ಭರಿಸೀತು. ಉಳಿದುದನ್ನು ಸದಸ್ಯರು ಹಂಚಿಕೊಂಡರೆ ಯಾರಿಗೂ ಹೊರೆಯಾಗದು.

ಧರ್ಮಸ್ಥಳದಲ್ಲಿ ಸಾಲಾಗಿ ನಿಲ್ಲಿಸಿರುವ ಹಳೆಯ ಕಾರುಗಳನ್ನು ನೋಡಿ ನಾವೆಲ್ಲರೂ ಬೆರಗಾಗಿದ್ದೇವೆ. ಅವು ಕೂಡ ಒಂದು ಕಾಲದಲ್ಲಿ ಸವಕಳಿಯಾದ ಆಸ್ತಿಗಳೇ. ಯಾರೋ ಒಬ್ಬರು ಗುಜರಿಗೆ ಹಾಕದೆ ಉಳಿಸಿದ್ದರಿಂದ ಇಂದು ಬೆಲೆ ಕಟ್ಟಲಾಗದ ವಸ್ತುಗಳಾಗಿವೆ. ಸದಸ್ಯ ಬಾಂಧವರು ತಮ್ಮ ಅಟ್ಟದಲ್ಲಿಯೂ ಗೋದಾಮಿನಲ್ಲಿಯೂ ಬಿದ್ದಿರುವ ಯಂತ್ರಗಳನ್ನು ಮಾರುವ ಮುನ್ನ ಒಂದು ಪಟ್ಟಿ ಮಾಡಿ ಸಂಘದ ಕಚೇರಿಗೆ ಕಳುಹಿಸಲಿ. ಮೇಳಕ್ಕೆ ಅಷ್ಟೇ ಸಾಕಾದ ಆರಂಭ.